ಮಮ್ಮಿಯಾಗಿದ್ದ ಉಮ್ಮ

ನನಗೆ ಹೆಮ್ಮೆ ಇದೆ. ಅದನ್ನು ಸೆರಗಿನ ಮರೆಯಲ್ಲಿಟ್ಟುಕೊಂಡು "ಅಯ್ಯೋ, ನನ್ನದೆಂತ ದೊಡ್ಡದು" ಎಂದು ನಾಚಿಕೊಳ್ಳುವ ಜಾಯಮಾನ ನನ್ನದಲ್ಲ. ನಲವತ್ತೈದು ದಾಟಿದ ಮೇಲೆ, ಇಬ್ಬರು ಮಕ್ಕಳನ್ನು ಕಾಲೇಜಿಗೆ ಕಳಿಸಿದ ಮೇಲೆ, ಶಿಕ್ಷಣ ಮನೋವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದವಳು ನಾನು. ಓದಿದ್ದು ಬಹ್ರೇನಿನ ಗುದೈಬಿಯಾದಲ್ಲಿ, ಮೂರನೇ ಮಹಡಿಯ ಫ್ಲ್ಯಾಟಿನ ಊಟದ ಮೇಜಿನ ಮೇಲೆ. ವಿಶ್ವವಿದ್ಯಾಲಯ ಇದ್ದದ್ದು ಇಂಗ್ಲೆಂಡಿನಲ್ಲಿ, ಅದರ ಗೇಟನ್ನು ಸಹ ನಾನು ಕಂಡವಳಲ್ಲ. ಪಾಠವೆಲ್ಲ ಲ್ಯಾಪ್‌ಟಾಪಿನಲ್ಲಿ. ಮೇಜಿನ ಒಂದು ಬದಿಗೆ ಮಕ್ಕಳ ಮನಸ್ಸಿನ ಬಗ್ಗೆ ಪುಸ್ತಕಗಳು, ಇನ್ನೊಂದು ಬದಿಗೆ ಬಂಗುಡೆ ಪುಳಿಮುಂಚಿಯ ಪಾತ್ರೆ. ಆ ಪುಸ್ತಕಗಳನ್ನು ಈಗ ತೆರೆದರೂ ಹುಳಿ ಮಸಾಲೆಯ ವಾಸನೆ ಬರುತ್ತದೆ.

ಹಗಲಿಗೆ ನಾನು ಈಸಾ ಟೌನಿನ ಒಂದು ಇಂಡಿಯನ್ ಸ್ಕೂಲಿನಲ್ಲಿ ನಾಲ್ಕನೇ ತರಗತಿಗೆ ಗಣಿತ ಕಲಿಸುವ ಟೀಚರ್. ಎಂ.ಎ.ಗೆ ಸೇರುತ್ತೇನೆ ಎಂದಾಗ ನನ್ನ ಗಂಡ ಟೀವಿಯಿಂದ ಕಣ್ಣು ತೆಗೆಯದೆ, "ಅರವತ್ತಕ್ಕೆ ಅರಳುಮರಳು ಅಂತಾರೆ, ನಿನಗೆ ಎಷ್ಟು ಬೇಗ ಶುರುವಾಯ್ತಲ್ಲ ಮಾರಾಯ್ತಿ" ಎಂದರು. "ನಿಮಗೆ ಅದು ಮದುವೆಯ ದಿನವೇ ಶುರುವಾಗಿತ್ತು. ಮನೆಯ ಮಾನ ಅಂತ ನಾನು ಯಾರಿಗೂ ಹೇಳ್ಲಿಲ್ಲ ಅಷ್ಟೆ" ಎಂದೆ. ಹಾಗೆ ತಮಾಷೆ ಮಾಡಿದ ಮನುಷ್ಯನೇ ಶುಕ್ರವಾರ ಬೆಳಿಗ್ಗೆ ನಾನು ಓದಲು ಕೂತರೆ ಕೆಳಗೆ ಹೋಗಿ ಬಿಸಿ ಖುಬ್ಜ್ ರೊಟ್ಟಿ ತಂದು, ಮೊಟ್ಟೆ ಹುರಿದು, ತಟ್ಟೆಯನ್ನು ಸದ್ದಾಗದಂತೆ ನನ್ನ ಪಕ್ಕಕ್ಕೆ ಸರಿಸಿ ಹೋಗುತ್ತಿದ್ದರು. ಆ ಮಟ್ಟಿಗೆ ಆ ಪದವಿಯಲ್ಲಿ ಅವರದ್ದೂ ಪಾಲಿದೆ.

ಮೊದಲ ಪ್ರಬಂಧ ಬರೆದು ಕಳಿಸಿದಾಗ ಮಾತ್ರ ನನ್ನ ಜಂಬ ಇಳಿಯಿತು. ಹಗಲೂ ಇರುಳೂ ಓದಿ, ಯಾವ ಪಂಡಿತರು ಏನು ಹೇಳಿದ್ದಾರೆಂದು ಮುತ್ತು ಪೋಣಿಸಿದ ಹಾಗೆ ಬರೆದಿದ್ದೆ. ನನಗೆ ಮಾರ್ಗದರ್ಶಕಿಯಾಗಿದ್ದವರು ಇಂಗ್ಲೆಂಡಿನ ಒಬ್ಬ ಹೆಂಗಸು, ನನಗಿಂತ ಚಿಕ್ಕವರು, ಬಹಳ ಮೆತ್ತಗೆ ಮಾತನಾಡುವವರು. ಅವರು ಪಾಸಿಗಿಂತ ತುಸುವೇ ಹೆಚ್ಚು ಅಂಕ ಕೊಟ್ಟು, ಕೆಳಗೆ ಎರಡು ಸಾಲು ಬರೆದಿದ್ದರು. "ಎಲ್ಲರೂ ಹೇಳಿದ್ದನ್ನು ಚೆನ್ನಾಗಿ ಹೇಳಿದ್ದೀರಿ. ನೀವು ಏನು ಹೇಳುತ್ತೀರಿ?"

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಾನು ಏನು ಹೇಳುವುದು? ನಾನು ಉಡುಪಿಯ ಆಚೆಯ ಒಂದು ಸರಕಾರಿ ಶಾಲೆಯಲ್ಲಿ ಕಲಿತವಳು. ಅಪ್ಪ ನನ್ನನ್ನು ಶಾಲೆಗೆ ಸೇರಿಸುವಾಗ, "ಕಣ್ಣೆರಡು ಬಿಟ್ಟು ಎಲ್ಲಿ ಬೇಕಾದ್ರೂ ಬಾರಿಸಿ ಮಾಷ್ಟ್ರೆ" ಎಂದು ಹೇಳಿ ಹೋಗಿದ್ದರು. ಮಾಷ್ಟ್ರು ಹೇಳಿದರೆ ಮುಗಿಯಿತು, ಅದರ ಮೇಲೆ ಮಾತಿಲ್ಲ. "ನಿನಗೆಂತ ಅನ್ನಿಸ್ತದೆ" ಎಂದು ಯಾವ ಮಾಷ್ಟ್ರೂ ಕೇಳಿದವರಲ್ಲ, ಕೇಳಿದ್ದರೆ ನಾನು ಹೆದರಿ ಅಳುತ್ತಿದ್ದೆನೋ ಏನೋ. ಆ ಇಂಗ್ಲೆಂಡಿನವರು ತಮ್ಮನ್ನು ಹೆಸರು ಹಿಡಿದು ಕರೆಯಲು ಹೇಳಿದ್ದರು. ನನ್ನ ಬಾಯಿಗೆ ಅದು ಕೊನೆಯವರೆಗೂ ಬರಲಿಲ್ಲ. ಮೇಡಂ ಮೇಡಮೇ. ಮೇಡಂ ಹೇಳಿದ್ದನ್ನು ಒಪ್ಪಿಕೊಳ್ಳುವುದು ಬಿಟ್ಟು ಎದುರು ಮಾತಾಡು ಎಂದರೆ ಹೇಗೆ? ಎದುರು ಮಾತಾಡಬೇಕೆಂದು ಅವರೇ ಹೇಳಿದ್ದರಿಂದ, ಅದನ್ನೂ ಒಪ್ಪಿಕೊಂಡೆ.

ನಮ್ಮ ಕಟ್ಟಡದ ಕೆಳಗೆ ಒಂದು ಕೋಲ್ಡ್ ಸ್ಟೋರ್ ಇತ್ತು. ಕಿರಾಣಿ ಅಂಗಡಿಗೆ ಬಹ್ರೇನಿನಲ್ಲಿ ಹೇಳುವುದೇ ಹಾಗೆ. ಅದನ್ನು ನಡೆಸುತ್ತಿದ್ದವರು ಬಂಟ್ವಾಳದ ಕಡೆಯ ಒಬ್ಬ ಬ್ಯಾರಿ, ಬೆಳಿಗ್ಗೆ ಬಾಗಿಲು ತೆರೆದರೆ ರಾತ್ರಿಯವರೆಗೆ ಕೂರಲೂ ಪುರುಸೊತ್ತಿಲ್ಲದವರು. ಹೆಂಡತಿ ಮತ್ತು ಒಬ್ಬಳೇ ಮಗಳು ಮೊದಲನೇ ಮಹಡಿಯಲ್ಲಿದ್ದರು. ಹುಡುಗಿ ನಮ್ಮ ಶಾಲೆಯಲ್ಲೇ ಒಂದನೇ ತರಗತಿ. ಬೆಳಿಗ್ಗೆ ಸ್ಕೂಲ್ ಬಸ್ಸಿಗೆ ಮಗಳನ್ನು ಹತ್ತಿಸಲು ಬರುವ ಆ ತಾಯಿಯೊಡನೆ ನನಗೆ ಮೆಟ್ಟಿಲ ಮೇಲೆ ಮಾತು ಬೆಳೆದಿತ್ತು. ಮಾತಿನ ಮಲ್ಲಿ ಎಂದರೆ ಅವಳೇ. ಅರಳು ಹುರಿದ ಹಾಗೆ ಮಾತಾಡುತ್ತಿದ್ದಳು. ತನ್ನ ಊರಿನ ನೇತ್ರಾವತಿಯ ನೆರೆ, ನಾದಿನಿಯ ಮದುವೆ, ಮನಾಮಾ ಮಾರ್ಕೆಟ್ಟಿನಲ್ಲಿ ಬೂತಾಯಿ ಮೀನಿನ ದರ, ಎಲ್ಲವೂ ಮೊದಲನೇ ಮಹಡಿಯಿಂದ ಬಾಗಿಲಿಗೆ ಬರುವಷ್ಟರಲ್ಲಿ ಮುಗಿಯಬೇಕು. ನಗುವಾಗ ಬುರ್ಖಾದ ತುದಿಯನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು. ನನ್ನನ್ನು "ಟೀಚರೆ" ಎಂದೇ ಕರೆಯುತ್ತಿದ್ದಳು, ನಾನು ಅವಳಿಗೆ ಯಾವ ಪಾಠವನ್ನೂ ಹೇಳಿದವಳಲ್ಲದಿದ್ದರೂ.

ಒಂದು ದಿನ ಅವಳು ಮೆಟ್ಟಿಲ ಮೇಲೆ ಸುಮ್ಮನೆ ಕೂತಿದ್ದಳು. ಮಗಳು ಬಸ್ಸಿನಲ್ಲಿ ಹೋಗಿ ಆಗಿತ್ತು. "ಎಂತ ಆಯ್ತು?" ಎಂದು ಕೇಳಿದ್ದೇ ತಡ, ಅಳು ಕಟ್ಟೆಯೊಡೆಯಿತು.

"ನಿನ್ನೆ ಸ್ಕೂಲಿಗೆ ಕರೆದಿದ್ರು ಟೀಚರೆ. ಇವಳು ಕ್ಲಾಸಲ್ಲಿ ಮಾತೇ ಆಡುದಿಲ್ಲ ಅಂತೆ. ಕೇಳಿದ್ದಕ್ಕೆ ಉತ್ತರ ಇಲ್ಲ. ಟೆಸ್ಟ್ ಎಲ್ಲ ಮಾಡಿಸಿದ್ರು, ಅದರಲ್ಲಿಯೂ ಇಲ್ಲ. ಸ್ಲೋ ಅಂತ ಬರೆದಿದ್ದಾರೆ. ಮಾರ್ಚಿನಲ್ಲಿ ಪುನಃ ನೋಡ್ತಾರಂತೆ. ಆಗಲೂ ಹೀಗೇ ಆದ್ರೆ ಎರಡನೇ ಕ್ಲಾಸಿಗೆ ಹಾಕುದಿಲ್ಲ, ಬೇರೆ ಸ್ಕೂಲ್ ನೋಡಿ ಅಂತ ಹೇಳಿದ್ರು."

"ಅವಳ ಅಪ್ಪ ಎಂತ ಹೇಳಿದ್ರು?"

"ಖಲಾಸ್ ಅಂತ ಹೇಳಿದ್ರು. ಮಾರ್ಚಿನಲ್ಲಿ ಆಗ್ಲಿಲ್ಲಾಂದ್ರೆ ನನ್ನನ್ನೂ ಮಗಳನ್ನೂ ಊರಿಗೆ ಕಳಿಸುದು. ಅವರು ಇಲ್ಲಿ ಒಬ್ರೇ ಇರುದು. ಈಗ ಒಟ್ಟಿಗೆ ಇದ್ದೇವಲ್ಲ ಟೀಚರೆ, ಇದಕ್ಕೇ ನಾವು ಎಷ್ಟು ವರ್ಷ ಕಾದಿದ್ದೇವೆ ಗೊತ್ತುಂಟಾ."

ಗೊತ್ತಿರದೆ ಏನು? ಗುದೈಬಿಯಾದಲ್ಲಿ ಒಂದೊಂದು ಕೋಣೆಯಲ್ಲಿ ನಾಲ್ಕು ಐದು ಗಂಡಸರು ಇರುತ್ತಾರೆ. ಸಂಜೆಯಾದರೆ ಫೋನಿನೊಳಗಿನ ಮಕ್ಕಳನ್ನು ಮುದ್ದು ಮಾಡುತ್ತಾರೆ. ಈ ಮನುಷ್ಯ ಹಾಗೆ ಇದ್ದು ಇದ್ದು ಕಡೆಗೆ ಹೆಂಡತಿ ಮಗಳನ್ನು ಕರೆಸಿಕೊಂಡವರು. ಅದು ಮುರಿದು ಹೋಗುವ ಹೊತ್ತು ಬಂದಿತ್ತು, ಅದೂ ಆರು ವರ್ಷದ ಮಗು ಬಾಯಿ ತೆರೆಯಲಿಲ್ಲ ಎಂಬ ಕಾರಣಕ್ಕೆ.

ಆ ದಿನಗಳಲ್ಲೇ ನನಗೆ ಕೋರ್ಸಿನಲ್ಲಿ ಒಂದು ಕೆಲಸ ಕೊಟ್ಟಿದ್ದರು. ಒಂದು ಮನೆಯಲ್ಲಿ ತಾಯಿ ಮತ್ತು ಮಗು ಹೇಗೆ ಮಾತಾಡಿಕೊಳ್ಳುತ್ತಾರೆ ಎಂಬುದನ್ನು ಅವರ ಒಪ್ಪಿಗೆಯಿಂದ ರೆಕಾರ್ಡ್ ಮಾಡಿ, ಕೇಳಿ, ಅದರ ಮೇಲೆ ಬರೆಯಬೇಕು. ನಾನು ಕೆಳಗಿಳಿದು ಅಂಗಡಿಯಲ್ಲಿ ಆ ತಂದೆಯನ್ನು ಕೇಳಿದೆ. ಅವರು ಹಾಲಿನ ಕ್ರೇಟು ಇಳಿಸುತ್ತಿದ್ದರು. "ನೀವು ಟೀಚರ್, ನಿಮಗೆ ಬೇಡ ಅಂತ ಹೇಳ್ಲಿಕ್ಕೆ ಆಗ್ತದಾ? ಮಾಡಿ. ನಮ್ಮ ಮಗಳಿಗೆ ಎಂತಾದ್ರೂ ಉಪಕಾರ ಆಗುದಾದ್ರೆ ಆಗ್ಲಿ" ಎಂದರು.

ಶನಿವಾರ ಬೆಳಿಗ್ಗೆ ಅವರ ಮನೆಗೆ ಹೋದೆ. ಚಿಕ್ಕ ಹಾಲ್, ನಡುವೆ ಬಟ್ಟೆ ಒಣಗಿಸುವ ಸ್ಟ್ಯಾಂಡು, ಗೋಡೆಗೆ ಇಂಗ್ಲಿಷ್ ಅಕ್ಷರಗಳ ಚಾರ್ಟು. ಫೋನನ್ನು ರೆಕಾರ್ಡಿಗೆ ಹಾಕಿ ಟೀಪಾಯಿಯ ಮೇಲಿಟ್ಟು, "ನಾನಿಲ್ಲ ಅಂತ ತಿಳ್ಕೊಂಡು ದಿನಾ ಮಾತಾಡುವ ಹಾಗೆಯೇ ಮಾತಾಡು" ಎಂದು ಹೇಳಿ ಮೂಲೆಯಲ್ಲಿ ಕೂತೆ. ಹುಡುಗಿ ಒಳಗಿಂದ ಬಂದಳು. ದುಂಡು ಮುಖ, ತಾಯಿಯದ್ದೇ ಕಣ್ಣು.

"ಕಮ್," ಎಂದಳು ತಾಯಿ. "ಸಿಟ್. ಈಟ್."

ಹುಡುಗಿ ಕೂತಳು, ತಿಂದಳು.

"ಗುಡ್ ಗರ್ಲ್. ದಿಸ್ ವಾಟ್ ಕಲರ್?"

"ಯೆಲ್ಲೋ, ಮಮ್ಮಿ."

"ವೆರಿ ಗುಡ್. ವಾಶ್ ಹ್ಯಾಂಡ್."

ಅಷ್ಟೇ. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ತಾಯಿ ಮಗಳ ತಲೆ ಬಾಚಿದಳು, ಜಡೆ ಹಾಕಿದಳು, ಕೆನ್ನೆ ಸವರಿದಳು, ಎಲ್ಲವನ್ನೂ ಮೂಕಿಯ ಹಾಗೆ. ನಡುವೆ ಒಂದು "ಡೋಂಟ್ ಮೂವ್" ಬಂತು. ನಾನು ಮೂಲೆಯಲ್ಲಿ ಕೂತು ನೋಡುತ್ತಲೇ ಇದ್ದೆ. ಮೆಟ್ಟಿಲ ಮೇಲೆ ನೇತ್ರಾವತಿಯ ನೆರೆಯನ್ನು ನನ್ನ ಕಣ್ಣೆದುರು ಹರಿಸಿದ್ದ ಹೆಂಗಸು ಇವಳೇ ಹೌದೇ ಎಂದು ಅನುಮಾನವಾಯಿತು. ನಾಚಿಕೆಯಿಂದ ಹೀಗಾಡುತ್ತಾಳೆ ಎಂದುಕೊಂಡು, "ಇಂಗ್ಲಿಷ್ ಬೇಡ ಮಾರಾಯ್ತಿ, ನಿಮ್ಮ ಬ್ಯಾರಿ ಭಾಷೆಯಲ್ಲೇ ಮಾತಾಡು, ನನಗೆ ಅರ್ಥ ಆಗ್ತದೆ" ಎಂದೆ. ಅವಳು ಗಾಬರಿಯಿಂದ ಮಗಳ ಕಡೆ ನೋಡಿ, ನನ್ನ ಕೈ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಅವಳ ಎದುರು ಹಾಗೆ ಹೇಳ್ಬೇಡಿ ಟೀಚರೆ. ಇಲ್ಲಿಗೆ ಬಂದು ಸ್ಕೂಲಿಗೆ ಸೇರಿಸಿದಾಗಲೇ ಟೀಚರ್ ಹೇಳಿದ್ದಾರೆ, ಮನೆಯಲ್ಲಿ ಇಂಗ್ಲಿಷೇ ಮಾತಾಡ್ಬೇಕು ಅಂತ. ನಾನು ಆ ದಿನದಿಂದ ಒಂದು ಶಬ್ದ ನಮ್ಮ ಭಾಷೆಯಲ್ಲಿ ಅವಳ ಹತ್ರ ಆಡ್ಲಿಲ್ಲ. ಉಮ್ಮ ಅಂತ ಕರೆದ್ರೆ ನಾನು ತಿರುಗಿಯೂ ನೋಡುದಿಲ್ಲ, ಮಮ್ಮಿ ಅಂದ್ರೆ ಮಾತ್ರ. ಊರಿಂದ ಅವಳ ಅಜ್ಜಿ ವೀಡಿಯೋ ಕಾಲ್ ಮಾಡಿದ್ರೂ ಕೊಡುದಿಲ್ಲ. ಅಜ್ಜಿಗೆ ಇಂಗ್ಲಿಷ್ ಬರುದಿಲ್ಲ ಅಲ್ಲ."

ಅವಳು ಅದನ್ನು ಹೇಳಿದ್ದು ತಪ್ಪೊಪ್ಪಿಕೊಂಡ ಹಾಗಲ್ಲ, ಪರೀಕ್ಷೆಯಲ್ಲಿ ಒಳ್ಳೆ ಅಂಕ ತೆಗೆದವಳ ಹಾಗೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವಳು. ಅವಳಿಗೆ ಬರುತ್ತಿದ್ದ ಇಂಗ್ಲಿಷ್ ಒಂದು ಅಂಗೈಯಲ್ಲಿ ಹಿಡಿಯುವಷ್ಟು. ಟೀಚರ್ ಹೇಳಿದರು ಎಂಬ ಒಂದೇ ಮಾತಿಗೆ ತನ್ನೆಲ್ಲ ಮಾತನ್ನು ಕಟ್ಟಿ ಅಟ್ಟಕ್ಕೆ ಹಾಕಿ, ಆ ಅಂಗೈಯಷ್ಟರಲ್ಲೇ ಮಗಳನ್ನು ಸಾಕುತ್ತಿದ್ದಳು. ಬೇರೆ ಊರಿನ ತಾಯಂದಿರಾದರೆ ಟೀಚರ್ ಹೇಳಿದ್ದಕ್ಕೆ ತಲೆ ಆಡಿಸಿ, ಮನೆಗೆ ಬಂದು ತಮಗೆ ತೋಚಿದ ಹಾಗೆ ಮಾಡುತ್ತಾರೆ. ನಮ್ಮ ಕಡೆಯವರು ಹಾಗಲ್ಲ. ಹೇಳಿದ್ದನ್ನು ಅಕ್ಷರಶಃ ಪಾಲಿಸುವವರು ನಾವು. ಶಾಲೆ ಹೇಳಿದ ಆ ಬುದ್ಧಿವಾದವನ್ನು ಇಷ್ಟು ನಿಷ್ಠೆಯಿಂದ ನಡೆಸಿಕೊಟ್ಟವಳು ಅವಳೊಬ್ಬಳೇ ಇರಬೇಕು.

ನಾವು ಅಡುಗೆಮನೆಯಲ್ಲಿ ಪಿಸುಗುಡುತ್ತಿರುವಾಗ ಹಾಲ್‌ನಿಂದ ಒಂದು ಸಣ್ಣ ಸ್ವರ ಕೇಳಿಸಿತು. ನಾನು ಅವಳಿಗೆ ಸುಮ್ಮನಿರಲು ಸನ್ನೆ ಮಾಡಿ ಇಣುಕಿದೆ. ಒಣಹಾಕಿದ ಬೆಡ್‌ಶೀಟಿನ ಹಿಂದೆ ಹುಡುಗಿ ಒಂದು ಗೊಂಬೆಯನ್ನು ಕಾಲ ಮೇಲೆ ಮಲಗಿಸಿಕೊಂಡು ಕೂತಿದ್ದಳು. ಗೊಂಬೆಗೆ ಉಣ್ಣಿಸುತ್ತಿದ್ದಳು, ಬೈಯುತ್ತಿದ್ದಳು, ಅದೂ ಅಚ್ಚ ಬ್ಯಾರಿಯಲ್ಲಿ. ಬ್ಯಾರಿಗಳ ನೆರೆಮನೆಯಲ್ಲೇ ಬೆಳೆದವಳು ನಾನು, ಒಂದು ಮಾತೂ ತಪ್ಪಲಿಲ್ಲ. "ಬಾಯಿ ತೆಗಿ. ಹೀಗೆ ಹಟ ಮಾಡಿದ್ರೆ ಕಾಗೆಗೆ ಹಾಕ್ತೇನೆ ನೋಡು. ಅಪ್ಪ ಅಂಗಡಿಯಲ್ಲಿ ನಿಂತು ನಿಂತು ಕಾಲು ನೋಯಿಸಿಕೊಂಡು ತಂದ ಅಕ್ಕಿ ಇದು. ನಿನಗೆ ಕೋಳಿಯ ಕಥೆ ಹೇಳ್ತೇನೆ, ಆಮೇಲೆ ಉಣ್ಬೇಕು. ಒಂದು ಕೋಳಿ ಇತ್ತು. ಈ ಮನೆಯಲ್ಲಿ ಕಾಳು ತಿನ್ನುದು, ಆ ಮನೆಯ ಹಿತ್ತಲಲ್ಲಿ ಹೋಗಿ ಮೊಟ್ಟೆ ಇಡುದು..." ಆ ಕೋಳಿಯಿಂದಾಗಿ ಎರಡು ಮನೆಯ ಹೆಂಗಸರು ಜಗಳಕ್ಕೆ ನಿಂತದ್ದು, ಒಬ್ಬಳು ಕೊಟ್ಟ ಬೈಗುಳ, ಇನ್ನೊಬ್ಬಳ ಮರುಬೈಗುಳ, ಎರಡಕ್ಕೂ ಬೇರೆ ಬೇರೆ ಸ್ವರ. ನಡುವೆ ಗೊಂಬೆಗೆ ಒಂದು ತುತ್ತು. ಸ್ಲೋ ಎಂದು ಬರೆಸಿಕೊಂಡ ಮಗು ಅದು.

ನನ್ನ ಹಿಂದೆ ನಿಂತ ತಾಯಿ, "ಇದು ಅವಳ ಅಜ್ಜಿಯ ಕಥೆ. ಊರಲ್ಲಿದ್ದಾಗ ಕೇಳಿದ್ದು. ಇನ್ನೂ ನೆನಪುಂಟಾ ಇವಳಿಗೆ" ಎಂದಳು. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಆಮೇಲೆ ಕಣ್ಣೊರೆಸಿಕೊಂಡು, ಹೆದರಿದ ದನಿಯಲ್ಲಿ, "ಕದ್ದು ಮಾತಾಡ್ತಾಳೆ ನೋಡಿ ಟೀಚರೆ. ಜೋರು ಮಾಡ್ಬೇಕಾ?" ಎಂದು ಕೇಳಿದಳು.

ನನಗೆ ಎಲ್ಲಿತ್ತೋ ಸಿಟ್ಟು. "ಜೋರು ಮಾಡಿದ್ರೆ ನಿನ್ನನ್ನು ನಾನು ಜೋರು ಮಾಡ್ತೇನೆ" ಎಂದೆ. "ಇವಳಿಗೆ ಮಾತು ಬಾರದ್ದಲ್ಲ ಮಾರಾಯ್ತಿ. ಮಾತಾಡಿದ್ರೆ ಉಮ್ಮ ತಿರುಗಿ ನೋಡುದಿಲ್ಲ ಅಂತ ಗೊತ್ತಾಗಿ ಸುಮ್ಮನೆ ಆದದ್ದು. ಗಟ್ಟಿ ಒಂದು ಭಾಷೆ ಒಳಗೆ ಉಂಟಲ್ಲ, ಅದರ ಮೇಲೆ ಇಂಗ್ಲಿಷ್ ತಾನಾಗಿ ನಿಲ್ತದೆ. ಅಡಿಪಾಯ ಕಿತ್ತು ಹಾಕಿ ಮೇಲೆ ಮಹಡಿ ಕಟ್ಟಿದ್ರೆ ನಿಲ್ತದಾ? ಇವತ್ತಿಂದ ನಿಮ್ಮ ಭಾಷೆಯಲ್ಲೇ ಮಾತಾಡು."

ಅವಳು ಮಗಳ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿದಳು. "ಆ ಟೀಚರ್ ಒಂದು ಹೇಳ್ತಾರೆ, ನೀವೊಂದು ಹೇಳ್ತೀರಿ. ನಾನು ಯಾವ ಟೀಚರ್ ಮಾತು ಕೇಳುದು?"

ಸುಲಭದ ಪ್ರಶ್ನೆಯಲ್ಲ. ನನಗೆ ಆಗ ನನ್ನ ಪ್ರಬಂಧದ ಕೆಳಗಿನ ಎರಡು ಸಾಲು ನೆನಪಾದವು. ಎಲ್ಲರೂ ಹೇಳಿದ್ದು ಆಯಿತು, ನೀವು ಏನು ಹೇಳುತ್ತೀರಿ? ಪುಸ್ತಕಗಳು ನನ್ನ ಪರವಾಗಿದ್ದವು, ನಿಜ. ಆದರೆ ಪುಸ್ತಕಗಳು ಗುದೈಬಿಯಾಕ್ಕೆ ಬಂದು ಈ ಮಗುವನ್ನು ನೋಡಿರಲಿಲ್ಲ. ನೋಡಿದವಳು ನಾನು. ನಾನು ಹೇಳಿದ್ದು ತಪ್ಪಾದರೆ ಮಾರ್ಚಿನಲ್ಲಿ ಈ ಮನೆ ಒಡೆಯುತ್ತಿತ್ತು. ಹೇಳದೆ ಬಿಟ್ಟರೂ ಒಡೆಯುತ್ತಿತ್ತು.

"ನನ್ನ ಮಾತು ಕೇಳು" ಎಂದೆ. "ನಾನೂ ಟೀಚರೇ ಅಲ್ವಾ? ಮೇಲಿಂದ ಎಂ.ಎ. ಬೇರೆ ಓದ್ತಾ ಇದ್ದೇನೆ. ಇದು ಟೀಚರ್ ಹೇಳುದು, ತಿಳೀತಾ? ಊಟಕ್ಕೆ ಕೂತಾಗ ಒಂದು ಕಥೆ. ದಿನಾ ಅಜ್ಜಿಗೆ ಫೋನು. ನನ್ನ ಹತ್ರ ಮೆಟ್ಟಿಲಲ್ಲಿ ಎಷ್ಟು ಮಾತಾಡ್ತಿ, ಅಷ್ಟೂ ಅವಳ ಹತ್ರ ಆಡ್ಬೇಕು."

ಟೀಚರ್ ಹೇಳಿದ್ದು ಎಂದ ಕೂಡಲೇ ಅವಳ ಬೆನ್ನು ನೆಟ್ಟಗಾಯಿತು. ಹಾಲ್‌ಗೆ ಹೋದಳು. ಬೆಡ್‌ಶೀಟು ಸರಿಸಿ ಮಗಳ ಪಕ್ಕದಲ್ಲಿ ನೆಲದ ಮೇಲೆ ಕೂತು, ಬ್ಯಾರಿಯಲ್ಲಿ, "ಆಮೇಲೆ ಆ ಕೋಳಿ ಎಂತ ಮಾಡಿತು?" ಎಂದು ಕೇಳಿದಳು. ಹುಡುಗಿ ಗೊಂಬೆಯನ್ನು ಬೆನ್ನ ಹಿಂದೆ ಬಚ್ಚಿಟ್ಟು, ತಾಯಿಯ ಮುಖವನ್ನೇ ನೋಡಿದಳು. ನಂಬಿಕೆ ಬರಲು ಹೊತ್ತು ಹಿಡಿಯಿತು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ.

ಆ ವಾರದ ವೀಡಿಯೋ ಪಾಠದಲ್ಲಿ ಇಂಗ್ಲೆಂಡಿನ ಮೇಡಂಗೆ ಎಲ್ಲವನ್ನೂ ಹೇಳಿದೆ. ಅವರು ಗಲ್ಲಕ್ಕೆ ಕೈ ಕೊಟ್ಟು ಕೇಳಿ, ಮೆತ್ತಗೆ ನೂರು ಪ್ರಶ್ನೆ ಹಾಕಿದರು. ಬೇರೆ ಕಾರಣ ಇರಬಹುದಲ್ಲವೇ? ಮಗುವಿಗೆ ಶಾಲೆಯದ್ದೇ ಭಯವಿರಬಹುದಲ್ಲವೇ? ಒಂದು ಮಗುವನ್ನು ನೋಡಿ ಹೇಗೆ ಹೇಳುತ್ತೀರಿ? ಹಿಂದಿನ ನಾನಾಗಿದ್ದರೆ "ಹೌದು ಮೇಡಂ, ಸರಿ ಮೇಡಂ" ಎಂದು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದೆ. ಆ ದಿನ, "ಇಲ್ಲ ಮೇಡಂ, ನಾನು ಒಪ್ಪುವುದಿಲ್ಲ" ಎಂದೆ. ಶಾಲೆಯ ಭಯ ಇದ್ದರೆ ಮನೆಯಲ್ಲಿ ಬಾಯಿ ಬಿಡಬೇಕಿತ್ತು, ಇವಳು ಮನೆಯಲ್ಲೂ ಬೆಡ್‌ಶೀಟಿನ ಹಿಂದೆ ಹೋಗಿ ಮಾತಾಡುತ್ತಾಳೆ ಎಂದು ವಿವರಿಸಿದೆ. ಅವರು ನಕ್ಕು, "ಇದನ್ನೇ ನಾನು ಮೊದಲ ಪ್ರಬಂಧದಿಂದ ಕಾಯುತ್ತಿದ್ದೆ" ಎಂದರು. ಒಳಗಿನ ಕೋಣೆಯಿಂದ ನನ್ನ ಗಂಡ, "ಮೇಡಂಗೂ ಎದುರು ಮಾತಾಡಿದ್ಯಾ? ಇನ್ನು ನನ್ನ ಗತಿ ಎಂತ" ಎಂದರು.

ಆ ತಾಯಿಗೂ ಇಂಗ್ಲೆಂಡಿನ ಮೇಡಂಗೂ ಹೇಳಿದ್ದು ಸುಲಭವಾಗಿತ್ತು. ಶಾಲೆಯಲ್ಲಿ ಹೇಳುವುದು ಕಷ್ಟ. ಸಣ್ಣ ತರಗತಿಗಳನ್ನು ನೋಡಿಕೊಳ್ಳುವ ಸೂಪರ್‌ವೈಸರ್ ನನಗಿಂತ ಹಿರಿಯರು, ಕೇರಳದವರು, ಶಿಸ್ತಿನವರು. ನಾನು ಸೇರಿದ ಹೊಸತರಲ್ಲಿ ನನಗೆ ಕೆಲಸ ಕಲಿಸಿದವರೇ ಅವರು. ಅವರ ಎದುರು ಕೂತು, ಮನೆಯಲ್ಲಿ ಇಂಗ್ಲಿಷ್ ಮಾತಾಡಿ ಎಂದು ನಾವು ಹೇಳುವುದು ತಪ್ಪು ಮೇಡಂ, ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅಪ್ಪ ಅಮ್ಮಂದಿರೇ ಬಂದು ಕೇಳುತ್ತಾರೆ, ನಮ್ಮ ಮಗು ಇಂಗ್ಲಿಷ್ ಮಾತಾಡುವುದಿಲ್ಲ ಅಂತ. ಅವರಿಗೆ ನಾನು ಬ್ಯಾರಿ ಮಾತಾಡಿ ಅನ್ನಲೇ?"

"ಅನ್ನಿ ಮೇಡಂ. ಬ್ಯಾರಿಯವರಿಗೆ ಬ್ಯಾರಿ, ಮಲಯಾಳಿಯವರಿಗೆ ಮಲಯಾಳ. ಇಂಗ್ಲಿಷ್ ಕಲಿಸಲಿಕ್ಕೆ ನಾವಿದ್ದೇವಲ್ಲ, ಅದಕ್ಕೇ ಅಲ್ಲವಾ ಸಂಬಳ?"

ಅವರಿಗೆ ಇಷ್ಟವಾಗಲಿಲ್ಲ, ಮುಖದಲ್ಲೇ ಕಾಣುತ್ತಿತ್ತು. ಆದರೂ, "ಮಾರ್ಚಿನಲ್ಲಿ ನಾನೇ ಆ ಮಗುವನ್ನು ಮಾತಾಡಿಸುತ್ತೇನೆ. ನೀವೂ ಇರಿ. ನಿಮ್ಮ ಮಾತು ಸರಿಯಾ ಅಂತ ಅಲ್ಲಿ ನೋಡೋಣ" ಎಂದರು.

ಚಳಿ ಬಂತು, ಮಕ್ಕಳು ಸ್ವೆಟರ್ ಹಾಕಿಕೊಂಡು ಬಸ್ಸು ಹತ್ತಿದರು. ಮೊದಲನೇ ಮಹಡಿಯ ಬಾಗಿಲ ಮುಂದೆ ಹಾಯುವಾಗ ಒಳಗಿನ ಗಲಾಟೆ ಕೇಳುತ್ತಿತ್ತು. ತಾಯಿ ಒಂದು ಹೇಳಿದರೆ ಮಗಳು ಎರಡು, ನಡುವೆ ಫೋನಿನಲ್ಲಿ ಅಜ್ಜಿಯ ಕೆಮ್ಮು, ನಗು. ಆದರೆ ಶಾಲೆಯಲ್ಲಿ ಹುಡುಗಿ ಇನ್ನೂ ಬಾಯಿ ಬಿಟ್ಟಿರಲಿಲ್ಲ. ಜನವರಿ ಹೋಯಿತು, ಫೆಬ್ರವರಿಯೂ ಹೋಗುತ್ತಾ ಬಂತು. ಒಂದು ಸಂಜೆ ಅಂಗಡಿಗೆ ಮೊಸರಿಗೆ ಹೋದಾಗ ಅವಳ ತಂದೆ, "ಟೀಚರೆ, ನೀವು ಹೇಳಿದ ಹಾಗೆಯೇ ಮಾಡಿದ್ದೇವೆ. ಮನೆಯಲ್ಲಿ ಈಗ ಕಿವಿ ಕೇಳುದಿಲ್ಲ, ಅಷ್ಟು ಮಾತು. ಆದ್ರೆ ಸ್ಕೂಲಲ್ಲಿ ಹಾಗೇ ಉಂಟಲ್ಲ? ಟಿಕೆಟ್ ನೋಡಿ ಇಡುದಾ ಅಂತ" ಎಂದರು. ಅವರ ಮಾತಿನಲ್ಲಿ ದೂರು ಇರಲಿಲ್ಲ, ಅದೇ ನನ್ನನ್ನು ಹೆಚ್ಚು ಚುಚ್ಚಿತು. "ಈಗ ನೋಡ್ಬೇಡಿ" ಎಂದೆ. ಮೆಟ್ಟಿಲು ಹತ್ತುವಾಗ, ಪದವಿ ಹೋದರೆ ಹೋಗಲಿ, ಈ ಮಗು ಎರಡನೇ ಕ್ಲಾಸಿಗೆ ಹೋಗಲಿ ದೇವರೇ, ಎಂದು ಮನಸ್ಸಿನಲ್ಲೇ ಹರಕೆ ಹೊತ್ತೆ. ಮನೋವಿಜ್ಞಾನ ಓದಿದವಳು ಹರಕೆ ಹೊರಬಾರದು ಎಂದು ಯಾವ ಪುಸ್ತಕದಲ್ಲೂ ಬರೆದಿಲ್ಲ.

ಮಾರ್ಚಿನ ಆ ಬೆಳಿಗ್ಗೆ ತಾಯಿಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಹುಡುಗಿಯನ್ನು ಒಳಗೆ ಕರೆದುಕೊಂಡೆವು. ಸೂಪರ್‌ವೈಸರ್ ಒಂದು ಚಿತ್ರವನ್ನು ಮೇಜಿನ ಮೇಲಿಟ್ಟರು. ಒಂದು ತೋಟದ ಮನೆ, ಹಸು, ಮರ, ಬೇಲಿಯ ಹತ್ತಿರ ಕೋಳಿ. "ಇದರಲ್ಲಿ ಏನೇನಿದೆ, ಒಂದು ಕಥೆ ಹೇಳು" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಹುಡುಗಿ ಚಿತ್ರ ನೋಡಿದಳು. ತುಟಿ ಅಲುಗಲಿಲ್ಲ. ಗೋಡೆಯ ಏಸಿ ಗುರುಗುಟ್ಟುತ್ತಿತ್ತು. ಸೂಪರ್‌ವೈಸರ್ ಇನ್ನೊಮ್ಮೆ ಕೇಳಿದರು. ಉತ್ತರವಿಲ್ಲ. ಅವರು ನನ್ನ ಕಡೆ ನೋಡಿದರು, ಪೆನ್ನಿನ ಮುಚ್ಚಳ ತೆಗೆದರು. ನಾನು ಬಾಯಿ ಹಾಕುವಂತಿರಲಿಲ್ಲ.

ಆಗ ಹುಡುಗಿ ತಲೆ ಎತ್ತಿ, ಅತ್ಯಂತ ಸಣ್ಣ ದನಿಯಲ್ಲಿ, "ಮ್ಯಾಮ್, ಫಸ್ಟ್ ಐ ಟೆಲ್ ಇನ್ ಬ್ಯಾರಿ?" ಎಂದಳು.

ಸೂಪರ್‌ವೈಸರ್ ಪೆನ್ನು ಕೆಳಗಿಟ್ಟರು. ಚಿತ್ರವನ್ನು ಅವಳ ಹತ್ತಿರಕ್ಕೆ ಸರಿಸಿ, "ಟೆಲ್" ಎಂದರು.

ಆಮೇಲೆ ಹರಿದದ್ದು ನೇತ್ರಾವತಿಯೇ. ಅಜ್ಜಿಯ ಕೋಳಿ, ಎರಡು ಮನೆ, ಎರಡು ಹೆಂಗಸರು, ಸೊಂಟದ ಮೇಲೆ ಕೈ, ಬೈಗುಳ, ಮರುಬೈಗುಳ. ಸೂಪರ್‌ವೈಸರಿಗೆ ಮಲಯಾಳದ ಕಿವಿ ಇದ್ದದ್ದರಿಂದ ಅರ್ಧಕ್ಕರ್ಧ ಅರ್ಥವಾಗುತ್ತಿತ್ತು, ತುಟಿ ಬಿಗಿಹಿಡಿದರೂ ನಗು ತಡೆಯಲಾಗಲಿಲ್ಲ. ಮುಗಿದದ್ದೇ ಹುಡುಗಿ ಒಂದು ಉಸಿರು ತೆಗೆದು, ಅದೇ ಕಥೆಯನ್ನು ಮತ್ತೆ ಮೊದಲಿನಿಂದ ಇಂಗ್ಲಿಷಿನಲ್ಲಿ ಶುರು ಮಾಡಿದಳು. "ದಟ್ ಹೆನ್ ನೋ ಶೇಮ್, ಮ್ಯಾಮ್. ಈಟಿಂಗ್ ಇನ್ ದಿಸ್ ಹೌಸ್, ಎಗ್ ಗಿವಿಂಗ್ ಇನ್ ದಟ್ ಹೌಸ್." ತಡವರಿಸಿದಳು, ನಿಂತಳು, ಶಬ್ದ ಸಿಗದಲ್ಲಿ ಕೈ ಆಡಿಸಿದಳು, ಆದರೆ ಕಥೆ ಬಿಡಲಿಲ್ಲ.

ಕಡೆಗೆ ಸೂಪರ್‌ವೈಸರ್, "ಹಾಗಾದರೆ ಆ ಮೊಟ್ಟೆ ಯಾರದ್ದು? ಈ ಮನೆಯವರದ್ದಾ, ಆ ಮನೆಯವರದ್ದಾ?" ಎಂದು ಕೇಳಿದರು.

ಹುಡುಗಿ ಯೋಚಿಸುವುದಕ್ಕೂ ನಿಲ್ಲಲಿಲ್ಲ. "ಹೆನ್ಸ್ ಎಗ್, ಮ್ಯಾಮ್."

ಸೂಪರ್‌ವೈಸರ್ ಜೋರಾಗಿ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಕಾಗದದ ಮೇಲೆ ಬರೆದು ಸಹಿ ಹಾಕಿ, ನನ್ನ ಕಡೆ ತಿರುಗಿ, "ಎರಡನೇ ಕ್ಲಾಸಿಗೆ ಹೋಗಲಿ. ಮುಂದಿನ ಪೇರೆಂಟ್ಸ್ ಮೀಟಿಂಗಿನಲ್ಲಿ ಮನೆಯ ಭಾಷೆಯ ಬಗ್ಗೆ ಮಾತಾಡುವವರು ನೀವೇ" ಎಂದರು. ಪದವಿಯ ಫಲಿತಾಂಶ ಬಂದದ್ದು ಎಷ್ಟೋ ತಿಂಗಳ ಮೇಲೆ, ಒಳ್ಳೆಯ ಅಂಕವೂ ಬಂತು, ಅಂಗಡಿಯವರು ಪೆಟ್ಟಿಗೆ ತುಂಬ ಸಿಹಿ ಕಳಿಸಿಕೊಟ್ಟರು. ಆದರೆ ನಾನು ಪಾಸಾದದ್ದು ಆ ಕೋಣೆಯಲ್ಲಿ, ಆ ದಿನ.

ಬಾಗಿಲು ತೆರೆದು ಹೊರಗೆ ಬಂದೆವು. ಸೂಪರ್‌ವೈಸರೂ ಹಿಂದೆಯೇ ಬಂದು ಬಾಗಿಲಲ್ಲಿ ನಿಂತರು. ತಾಯಿ ಬೆಂಚಿನಿಂದ ಎದ್ದಳು. ಮಗಳ ಬ್ಯಾಗನ್ನು ಎದೆಗೆ ಅವುಚಿಕೊಂಡಿದ್ದಳು. ಶಾಲೆಯೊಳಗೆ ಇದ್ದೇವೆ, ಎದುರಿಗೆ ಮೇಡಂ ಇದ್ದಾರೆ ಎಂಬ ಭಯಕ್ಕೆ, ಮನೆಯಲ್ಲಿ ಚಳಿಗಾಲವಿಡೀ ಆಡಿದ ಮಾತೆಲ್ಲ ಅವಳಿಗೆ ಮರೆತೇ ಹೋಯಿತು.

"ವಾಟ್ ಹ್ಯಾಪನ್?" ಎಂದಳು. "ಯು ಟೆಲ್ ಗುಡ್?"

ಹುಡುಗಿ ತಾಯಿಯ ಬುರ್ಖಾ ಹಿಡಿದು ಎಳೆದು, ಸೂಪರ್‌ವೈಸರ್ ಎದುರೇ, ಕಾರಿಡಾರಿಗೆಲ್ಲ ಕೇಳುವಂತೆ ಬ್ಯಾರಿಯಲ್ಲಿ ಹೇಳಿದಳು. "ಉಮ್ಮ, ನಮ್ಮ ಭಾಷೆಯಲ್ಲೇ ಕೇಳು. ಮೇಡಂ ಹತ್ರ ನಾನು ಕೇಳಿ ಆಗಿದೆ. ಅವರು ಬೈಯುದಿಲ್ಲ."

ತಾಯಿ ನನ್ನನ್ನು ನೋಡಿದಳು, ಸೂಪರ್‌ವೈಸರನ್ನು ನೋಡಿದಳು. ಅವರು ಹೌದೆಂದು ತಲೆ ಆಡಿಸಿದರು. ಅವಳು ಅಲ್ಲೇ ಬೆಂಚಿನ ಮೇಲೆ ಕುಸಿದು, ಮಗಳನ್ನು ಮಡಿಲಿಗೆ ಎಳೆದುಕೊಂಡು, ಅಳುತ್ತಾ ನಗುತ್ತಾ, "ಒಳಗೆ ಎಂತೆಲ್ಲ ಆಯ್ತು? ಒಂದೂ ಬಿಡದೆ ಹೇಳು" ಎಂದು ಬ್ಯಾರಿಯಲ್ಲಿ ಕೇಳಿದಳು.

ಮಗು ಕೋಳಿಯಿಂದ ಶುರು ಮಾಡಿತು.